ಕಂಪ್ಲಿ ಕಾಟಾದ ಬಹಿರಂಗ ಪತ್ರ

ಕಳೆದ ತಿಂಗಳು ನೆಂಟರೊಬ್ಬರ ಗೃಹಪ್ರವೇಶಕ್ಕೆಂದು ಹೊಸಪೇಟೆಯಲ್ಲಿ ಕಂಪ್ಲಿ ಬಸ್ಸು ಹತ್ತಿದ್ದೆ. ಕಮಲಾಪುರದ ಬಾಳೆ ತೋಟಗಳನ್ನು ದಾಟುವವರೆಗೂ ತೂಕಡಿಸುತ್ತಿದ್ದವನಿಗೆ ಊರು ಹತ್ತಿರವಾಗುತ್ತಿದ್ದಂತೆ ಎಚ್ಚರವಾಯಿತು. ಕಿಟಕಿಯಿಂದ ಹಬೆಯಲ್ಲಿ ಬೇಯುವ ಭತ್ತದ ವಾಸನೆ ಬರುತ್ತಿತ್ತು, ಅದರ ಜೊತೆಗೆ ಹೊಟ್ಟು ಉರಿದ ಹೊಗೆಯ ಘಾಟು. ಪಕ್ಕದಲ್ಲಿ ಕೂತವರು ಮೂಗಿಗೆ ಟವೆಲ್ ಹಿಡಿದರು. ನನಗೆ ಆ ವಾಸನೆ ಬಂದರೆ ಹಸಿವಾಗುತ್ತದೆ, ಸ್ವಲ್ಪ ನಾಚಿಕೆಯೂ ಆಗುತ್ತದೆ. ಹಸಿವು ಯಾಕೆಂದು ಹೇಳಬೇಕಾಗಿಲ್ಲ. ನಾಚಿಕೆ ಯಾಕೆಂದು ಹೇಳಲು ಕೆಲವು ವರ್ಷಗಳ ಹಿಂದಿನ ಒಂದು ಸುಗ್ಗಿಗೆ ಹೋಗಬೇಕು.

ನನ್ನ ಕಸುಬು ಕಾಟಾ ರಿಪೇರಿ. ಲಾರಿ, ಟ್ರ್ಯಾಕ್ಟರುಗಳನ್ನು ಸರಕಿನ ಸಮೇತ ತೂಗಲು ನೆಲಮಟ್ಟಕ್ಕೆ ಹಾಸಿದ ದೊಡ್ಡ ಕಬ್ಬಿಣದ ತಕ್ಕಡಿ ಇರುತ್ತದಲ್ಲ, ಅದಕ್ಕೆ ನಮ್ಮ ಕಡೆ ಕಾಟಾ ಎನ್ನುತ್ತಾರೆ. ಸಂಡೂರಿನ ಅದಿರು ಯಾರ್ಡುಗಳಲ್ಲಿ ಹತ್ತು ವರ್ಷ ಕೆಂಪು ಧೂಳು ನುಂಗಿ ಈ ವಿದ್ಯೆ ಕಲಿತೆ. ಮಳೆಗಾಲದಲ್ಲಿ ಲಾರಿಗಳು ಕಡಿಮೆಯಾದಾಗ ಕೂತು ಪ್ರೋಗ್ರಾಮ್ ಬರೆಯುವುದನ್ನೂ ಕಲಿತೆ, ಯಾಕೆಂದರೆ ಕಾಟಾ ಈಗ ಅರ್ಧ ಕಬ್ಬಿಣ, ಅರ್ಧ ಕಂಪ್ಯೂಟರು. ಗಣಿಗಳ ಭರಾಟೆ ಇಳಿದ ಮೇಲೆ ಹೊಸಪೇಟೆಯಲ್ಲಿ ಅಂಗಡಿ ಇಟ್ಟೆ. ಕಂಪ್ಲಿಯ ವೀರಭದ್ರಪ್ಪ ಸಾವ್ಕಾರರ ರೈಸ್ ಮಿಲ್ಲು ನನ್ನ ಹಳೆಯ ಗಿರಾಕಿ. ಅವರ ಕಾಟಾದ ಕಂಪ್ಯೂಟರಿಗೆ ವೈರಸ್ ಹೊಕ್ಕು ಸುಗ್ಗಿಯಲ್ಲೊಮ್ಮೆ ಕೈಕೊಟ್ಟ ಮೇಲೆ, ಜಗತ್ತಿನ ನಾನಾ ಕಡೆಯ ಜನ ಸೇರಿ ಬರೆದು ಎಲ್ಲರ ಬಳಕೆಗೂ ಬಿಟ್ಟಿರುವ, ಕಂಪ್ಯೂಟರು ನಡೆಸುವ ಒಂದು ವ್ಯವಸ್ಥೆಯನ್ನು ನಾನೇ ಹಾಕಿಕೊಟ್ಟಿದ್ದೆ. ಅದಾದ ಮೇಲೆ ಎರಡು ವರ್ಷ ತಂಟೆ ಇರಲಿಲ್ಲ. ಆಮೇಲೆ ಕಾಟಾವನ್ನು ಕಂಪ್ಯೂಟರಿಗೆ ಜೋಡಿಸುವ ಹಳೆಯ ಪ್ಲಗ್ಗೊಂದು ಕೆಟ್ಟು, ಬೇಸಿಗೆಯಲ್ಲಿ ಹೊಸದು ಹಾಕಿ ಬಂದಿದ್ದೆ.

ಕಾಟಾದ ಕೋಣೆಯಲ್ಲಿ ಕೂರುತ್ತಿದ್ದವಳು ದುರುಗಮ್ಮ. ಎಮ್ಮಿಗನೂರಿನವಳು, ಪಿಯುಸಿ ಓದಿದವಳು, ಆಗ ಮೂವತ್ತರ ಆಸುಪಾಸು. ಅವಳ ತಾಯಿ ಅದೇ ಮಿಲ್ಲಿನ ಕಣದಲ್ಲಿ ಭತ್ತ ಹರವುವ ಕೂಲಿಗೆ ಬರುತ್ತಿದ್ದಳು. ಮನೆಯವರು ಬೌದ್ಧರು. ಕೋಣೆಯ ಗೋಡೆಯಲ್ಲಿ ಸಾವ್ಕಾರರ ಮನೆದೇವರ ಕ್ಯಾಲೆಂಡರಿನ ಪಕ್ಕ ಅಂಗೈಯಷ್ಟು ಬುದ್ಧನ ಚಿತ್ರವನ್ನು ಅವಳು ಅಂಟಿಸಿಕೊಂಡಿದ್ದಳು, ಸಾವ್ಕಾರರು ಅದಕ್ಕೆ ಏನೂ ಅಂದಿರಲಿಲ್ಲ. ಆ ರಸ್ತೆಯ ಮಿಲ್ಲುಗಳಲ್ಲಿ ಕಾಟಾದ ಕುರ್ಚಿಯಲ್ಲಿ ಕೂತ ಹೆಂಗಸು ಅವಳೊಬ್ಬಳೇ. ಹಾಗಾಗಿ ಅವಳ ಕೆಲಸವನ್ನು ಕಣ್ಣಲ್ಲಿ ಕಣ್ಣಿಟ್ಟು ನೋಡುವವರಿಗೆ ಬರವಿರಲಿಲ್ಲ.

ಆ ವರ್ಷ ಕೊಯ್ಲಿನ ಹೊತ್ತಿಗೇ ಸೈಕ್ಲೋನ್ ಮಳೆ ಹಿಡಿಯಿತು. ರಸ್ತೆಯುದ್ದಕ್ಕೂ ಒಣಹಾಕಿದ್ದ ಭತ್ತವನ್ನು ಜನ ತಾಡಪಾಲಿನಡಿ ಬಾಚಿ, ಮೊಳಕೆ ಬರುವುದರೊಳಗೆ ಮಿಲ್ಲು ಮುಟ್ಟಿಸಬೇಕೆಂದು ಓಡಿ ಬಂದರು. ಗೇಟಿನಿಂದ ಹೊರಗೆ ಟ್ರ್ಯಾಕ್ಟರುಗಳ ಸಾಲು ನಿಂತಿತ್ತು. ಆ ಗದ್ದಲದಲ್ಲಿ ಎಮ್ಮಿಗನೂರಿನ ಸಿದ್ದಪ್ಪ ಎಂಬ ರೈತನ ತೂಕ ನಾಲ್ಕು ಚೀಲದಷ್ಟು ಕಡಿಮೆ ಬಂತು. ಅವನು ಜಾಣ, ಮೊದಲೇ ಊರೊಳಗಿನ ಬೇರೆ ಕಾಟಾದಲ್ಲಿ ತೂಗಿಸಿ ಚೀಟಿಯನ್ನು ಜೇಬಿನಲ್ಲಿಟ್ಟುಕೊಂಡು ಬಂದಿದ್ದ. ಚೀಟಿ ಹೊರಗೆ ಬಂತು, ಮಾತಿಗೆ ಮಾತು ಬೆಳೆಯಿತು, ಸಾಲಿನಲ್ಲಿದ್ದವರೆಲ್ಲ ಕೋಣೆಯ ಕಿಟಕಿಗೆ ಮುತ್ತಿದರು. ವೀರಭದ್ರಪ್ಪನವರು ಆಫೀಸಿನಿಂದ ಬಂದವರು ಎಲ್ಲರ ಎದುರಿಗೆ, "ಕಾಟಾ ಸುಳ್ಳ ಹೇಳಂಗಿಲ್ಲ, ಅದರ ಮುಂದ ಕುಂತಾಕಿ ಹೇಳಿರಬೇಕು" ಎಂದು ದುರುಗಮ್ಮನ ಕೈಯಿಂದ ಕೀಲಿ ಇಸಿದುಕೊಂಡರು. ಕೋಣೆಗೆ ಬೀಗ ಬಿತ್ತು. ಅವಳನ್ನು ಅವ್ವನ ಜೊತೆ ಕಣಕ್ಕೆ ಕಳಿಸಿದರು.

ಸುದ್ದಿ ಕೇಳಿ ಮರುದಿನ ಮಳೆ ಬಿಡುವು ಕೊಟ್ಟಾಗ ನಾನು ಹೋದರೆ, ಅವಳು ಕಣದಲ್ಲಿ ಭತ್ತ ಒಣಗಲೆಂದು ಕಾಲಿನಿಂದ ಗೆರೆ ಎಳೆಯುತ್ತಾ ನಡೆಯುತ್ತಿದ್ದಳು. ಅಳುತ್ತಿರಲಿಲ್ಲ. ಸೆರಗಿನೊಳಗಿಂದ ಒಂದು ನೋಟ್‌ಬುಕ್ ತೆಗೆದು ಕೊಟ್ಟಳು.

"ಮಂಜಣ್ಣ, ಇದನ್ನ ನೋಡ್ರಿ. ಅಕ್ಕಿ ಮಾಡೋ ದೊಡ್ಡ ಮೋಟಾರ್ ಚಾಲೂ ಮಾಡ್ತಾರಲ್ಲ, ಆಗ ಕ್ವಾಣಿ ಫ್ಯಾನು ಮೆಲ್ಲಗ ಆಗ್ತೈತಿ. ಹಂಗಾದಾಗ ಒಮ್ಮೊಮ್ಮೆ ಹಿಂದಿನ ಗಾಡಿ ತೂಕಾನ ಮತ್ತ ತೋರಸ್ತೈತಿ."

ನೋಟ್‌ಬುಕ್ಕಿನಲ್ಲಿ ಒಂದೊಂದು ಸಲದ್ದೂ ಇತ್ತು. ದಿನ, ಹೊತ್ತು, ಯಾವ ಗಾಡಿ, ಫ್ಯಾನು ಎಷ್ಟು ಹೊತ್ತು ನಿಧಾನವಾಯಿತು. ಅನುಮಾನ ಬಂದಾಗಲೆಲ್ಲ ಗಾಡಿಯನ್ನು ಹಿಂದೆ ಸರಿಸಿ ಇನ್ನೊಮ್ಮೆ ತೂಗಿದ್ದಾಗಿ ಬರೆದಿದ್ದಳು. ಸಿದ್ದಪ್ಪನ ದಿನ ಮಾತ್ರ ಮಳೆಯ ಗಲಾಟೆಯಲ್ಲಿ ಫ್ಯಾನಿನ ಕಡೆ ನೋಡಿರಲಿಲ್ಲವಂತೆ. ಇದನ್ನು ಯಾರೂ ಅವಳಿಗೆ ಬರೆದಿಡು ಎಂದಿರಲಿಲ್ಲ. ಯಾಕೆ ಬರೆದೆ ಎಂದು ಕೇಳಿದೆ. ಯಾಕ್ ಹಂಗಾಗ್ತೈತಿ ಅಂತ ತಿಳಕೊಬೇಕಿತ್ತು ಎಂದಳು.

ಅವಳ ಆ ನೋಟ್‌ಬುಕ್ ಇಲ್ಲದಿದ್ದರೆ ನಾನು ಕಬ್ಬಿಣ ಬಡಿಯುತ್ತಾ ವಾರ ಕಳೆಯುತ್ತಿದ್ದೆ. ಅದು ಇದ್ದುದರಿಂದ, ಸಾವ್ಕಾರರಿಂದ ಕೋಣೆಯ ಕೀಲಿ ಕೇಳಿ ಪಡೆದು ಕೂತ ಎರಡೇ ದಿನದಲ್ಲಿ ತಪ್ಪು ಸಿಕ್ಕಿತು. ಕಾಟಾದ ಕೇಬಲ್ಲು ಬೇಸಿಗೆಯಲ್ಲಿ ನಾನು ಹಾಕಿದ್ದ ಬೆರಳುದ್ದದ ಪ್ಲಗ್ಗಿನ ಮೂಲಕ ಕಂಪ್ಯೂಟರಿಗೆ ಸೇರುತ್ತದೆ. ಕರೆಂಟು ಕುಗ್ಗಿದಾಗ ಆ ಪ್ಲಗ್ಗು ಕ್ಷಣ ಸತ್ತು ಮತ್ತೆ ಏಳುತ್ತದೆ. ಎದ್ದ ಮೇಲೆ ಹಳೆಯ ಅಂಕಿಗಳನ್ನು ಚೆಲ್ಲಿ ಹೊಸದನ್ನು ಓದಬೇಕಲ್ಲ? ಅದನ್ನು ಓದುವ ಪ್ರೋಗ್ರಾಮು ಹಳೆಯದನ್ನೇ ಮೊದಲು ಬಡಿಸುತ್ತಿತ್ತು. ಏಳು ಸಾಲು ಸೇರಿಸಿದೆ. ಮೋಟಾರನ್ನು ಇಪ್ಪತ್ತು ಸಲ ಚಾಲೂ ಮಾಡಿಸಿ ನೋಡಿದೆ, ತೂಕ ಒಮ್ಮೆಯೂ ತಪ್ಪಲಿಲ್ಲ. ಬೀಗುತ್ತಾ ಹೋಗಿ ಸಾವ್ಕಾರರಿಗೆ ಹೇಳಿದೆ.

ಅವರು ಎಲೆ ಅಡಿಕೆ ಹಾಕಿಕೊಳ್ಳುತ್ತಾ ಸಮಾಧಾನವಾಗಿ ಕೇಳಿಸಿಕೊಂಡರು. ಆಮೇಲೆ ಅಂದರು, "ನೀನಾ ತಿದ್ದಿದಿ, ನೀನಾ ಸರಿ ಆತು ಅಂತಿ. ಊರ ಮಂದಿ ರಿಪೇರಿಯಾಂವ, ಕಾಟಾದಾಕಿ ಇಬ್ರೂ ಒಂದಾ ಅಂತಾರ. ಅದನ್ನ ಬರದವರು ಇದ್ದಾರಲ್ಲ, ತಪ್ಪು ನಮ್ದು ಅಂತ ಅವರ ಬಾಯಿಂದ ಬರ್ಲಿ. ಸುಗ್ಗಿ ಮುಗಿಯೊಳಗ ಬಂದ್ರ ಈಕಿ ಮತ್ತ ಒಳಗ. ಇಲ್ಲಂದ್ರ ಕಣಾನೂ ಬ್ಯಾಡ, ಊರಿಗೆ ಹೋಗ್ಲಿ."

ಮಾತು ಕಟುವಾಗಿತ್ತು, ಆದರೆ ತಪ್ಪಾಗಿರಲಿಲ್ಲ. ನನಗೂ ಅದು ಬೇಕಿತ್ತು, ಯಾಕೆಂದರೆ ನಾನು ಅಲ್ಲಿ ಕೂತು ತಿದ್ದಿದ್ದು ಮುಂದಿನ ಸಲ ಕಂಪ್ಯೂಟರು ತನ್ನನ್ನು ಹೊಸದಾಗಿಸಿಕೊಂಡಾಗ ಅಳಿಸಿಹೋಗುತ್ತದೆ. ಮೂಲದಲ್ಲೇ ತಿದ್ದಬೇಕು. ಮೂಲದವರು ಯಾರು? ಅವರಿಗೆ ಆಫೀಸಿಲ್ಲ, ಫೋನಿಲ್ಲ, ದೂರು ಕೊಡುವ ಫಾರಂ ಇಲ್ಲ. ಇರುವುದು ಒಂದು ಈಮೇಲ್ ಪಟ್ಟಿ. ತಿದ್ದುಪಡಿಯನ್ನು ಆ ಪಟ್ಟಿಗೆ ಮೇಲ್ ಮಾಡಬೇಕು, ಪಟ್ಟಿಯಲ್ಲಿರುವ ಸಾವಿರಾರು ಜನರಿಗೂ ಅದು ಹೋಗುತ್ತದೆ, ಯಾರು ಬೇಕಾದರೂ ಓದಿ ತಪ್ಪು ತೆಗೆಯಬಹುದು. ಅವರಲ್ಲಿ ಆ ಭಾಗದ ಉಸ್ತುವಾರಿ ಹೊತ್ತವರೊಬ್ಬರು ಒಪ್ಪಿದರೆ ಅದು ಮೂಲಕ್ಕೆ ಸೇರುತ್ತದೆ. ಹೇಗೆ ಕಳಿಸಬೇಕೆಂದು ಉದ್ದನೆಯ ಸೂಚನೆಯೂ ಇತ್ತು. ಮೊದಲ ಪುಟ ಓದಿ, ಉಳಿದದ್ದು ಔಪಚಾರಿಕ ಎಂದು ಬಿಟ್ಟೆ. ಪತ್ರ ಬರೆಯುವುದನ್ನು ಯಾರೋ ನನಗೆ ಕಲಿಸಬೇಕೆ?

ನನ್ನ ಹೆಂಡತಿ ಶಶಿಕಲಾ ಹೈಸ್ಕೂಲಿನಲ್ಲಿ ಇಂಗ್ಲಿಷ್ ಹೇಳಿಕೊಡುತ್ತಾಳೆ. ಪತ್ರವನ್ನು ಅವಳು ತಿದ್ದಿದಳು. ಇವರಿಂದ, ಇವರಿಗೆ, ವಿಷಯ, ಉಲ್ಲೇಖ. ಮಾನ್ಯರೇ ಎಂದು ಆರಂಭಿಸಿ, ತಮ್ಮ ಅಮೂಲ್ಯ ಸಮಯವನ್ನು ಹಾಳುಮಾಡುತ್ತಿರುವುದಕ್ಕೆ ಕ್ಷಮೆ ಕೇಳಿ, ತಮ್ಮಂಥ ಹಿರಿಯರ ಕೆಲಸದಲ್ಲಿ ಈ ಅಲ್ಪನಿಗೆ ಕಂಡ ಒಂದು ಸಣ್ಣ ಕೊರತೆಯನ್ನು ಅರಿಕೆ ಮಾಡಿಕೊಳ್ಳುತ್ತಾ, ಪುಟದ ಕೊನೆಗೆ ಬರುವ ಹೊತ್ತಿಗೆ ವಿಷಯ ಏನೆಂದು ನನಗೇ ಮರೆತಿತ್ತು. ಕೆಳಗೆ ಅಂಗಡಿಯ ಬಣ್ಣದ ಬೋರ್ಡಿನ ಚಿತ್ರ. ತಿದ್ದಿದ ಫೈಲನ್ನು ಗಂಟು ಕಟ್ಟಿ ಲಗತ್ತಿಸಿದೆ. ಪಟ್ಟಿಗೆ ಕಳಿಸಲು ಮನಸ್ಸು ಒಪ್ಪಲಿಲ್ಲ. ದೊಡ್ಡವರ ತಪ್ಪನ್ನು ಹತ್ತು ಜನರ ಎದುರು ಆಡಬಾರದು, ಪಕ್ಕಕ್ಕೆ ಕರೆದು ಮೆಲ್ಲಗೆ ಹೇಳಬೇಕು ಎಂದು ಬೆಳೆದವನು ನಾನು. ಆದ್ದರಿಂದ ಉಸ್ತುವಾರಿಯವನೊಬ್ಬನಿಗೇ ಖಾಸಗಿಯಾಗಿ ಕಳಿಸಿದೆ.

ಎರಡು ದಿನ ಬಿಟ್ಟು ಬೆಳಗಿನ ಚಹಾದ ಹೊತ್ತಿಗೆ ಉತ್ತರ ಬಂತು. ನಮಸ್ಕಾರವಿಲ್ಲ, ವಂದನೆಯಿಲ್ಲ. ನನಗೊಬ್ಬನಿಗೆ ಬರೆಯಬೇಡಿ, ಪಟ್ಟಿಗೆ ಬರೆಯಿರಿ. ಲಗತ್ತು ಬೇಡ, ತಿದ್ದುಪಡಿ ಈಮೇಲಿನ ಒಳಗೇ ಇರಲಿ. ಏನು ಕೆಟ್ಟಿದೆ, ನಿಮಗೆ ಹೇಗೆ ಗೊತ್ತಾಯಿತು, ಇದರಿಂದ ಹೇಗೆ ಸರಿಹೋಗುತ್ತದೆ, ಇಷ್ಟು ಹೇಳಿ ಸಾಕು. ಅಷ್ಟೇ. ಶಶಿಕಲಾಗೆ ನನಗಿಂತ ಹೆಚ್ಚು ಸಿಟ್ಟು ಬಂತು. ನಮಸ್ಕಾರ ಹೇಳಲು ಬಾರದವನು ಎಂಥಾ ದೊಡ್ಡ ಮನುಷ್ಯ ಎಂದಳು.

ಸಿಟ್ಟಿನಲ್ಲೇ ಅದೇ ಪತ್ರವನ್ನು ಪಟ್ಟಿಗೆ ಕಳಿಸಿದೆ. ಈ ಸಲ ಮನುಷ್ಯರು ಕೂಡ ಬೈಯಲಿಲ್ಲ, ಯಂತ್ರವೇ ಬಾಗಿಲಲ್ಲಿ ತಡೆದು ವಾಪಸು ಕಳಿಸಿತು. ಬಣ್ಣ, ಚಿತ್ರ, ದಪ್ಪಕ್ಷರ ಇರುವ ಈಮೇಲನ್ನು ಅದು ಒಳಗೇ ಬಿಡುವುದಿಲ್ಲವಂತೆ, ಬರೀ ಅಕ್ಷರ ಮಾತ್ರ ಇರಬೇಕಂತೆ. ಆಗ ಮಾತ್ರ ನನಗೆ ಸಿಟ್ಟು ಇಳಿದು ಕುತೂಹಲ ಹುಟ್ಟಿತು. ಇವರೇನು ಇಷ್ಟು ಮಡಿ ಮಾಡುತ್ತಾರೆ? ಬಿಟ್ಟಿದ್ದ ಸೂಚನೆಯನ್ನು ಮೊದಲಿನಿಂದ ಓದಿದೆ. ಆ ಪಟ್ಟಿಯ ಹಳೆಯ ಈಮೇಲುಗಳೆಲ್ಲ ಯಾರು ಬೇಕಾದರೂ ಓದುವಂತೆ ಇದ್ದವು. ಅಂಗಡಿಯಲ್ಲಿ ಗಿರಾಕಿಗಳಿಲ್ಲದಾಗ ಅದನ್ನೇ ಓದುತ್ತಾ ಕೂತೆ.

ಬೇರೆ ಊರಿನ ಮದುವೆ ಮನೆಗೆ ಹೋದವನ ಹಾಗಾಯಿತು ನನ್ನ ಸ್ಥಿತಿ. ಪ್ರತಿ ಶಾಸ್ತ್ರವೂ ವಿಚಿತ್ರವಾಗಿ ಕಾಣುತ್ತದೆ, ಆಮೇಲೆ ಯಾರಾದರೂ ಕಾರಣ ಹೇಳಿದರೆ ಹೌದಲ್ಲ ಅನಿಸುತ್ತದೆ. ಲಗತ್ತು ಯಾಕೆ ಬೇಡ? ಓದುವವರು ನಿಮ್ಮ ಒಂದೊಂದು ಸಾಲನ್ನೂ ಎತ್ತಿಟ್ಟುಕೊಂಡು ಅದರ ಕೆಳಗೇ ತಮ್ಮ ಮಾತು ಬರೆಯಬೇಕು, ಗಂಟಿನೊಳಗಿದ್ದರೆ ಎತ್ತುವುದು ಹೇಗೆ? ಉತ್ತರವನ್ನು ಯಾಕೆ ಮೇಲೆ ಬರೆಯದೆ ಕೆಳಗೆ ಬರೆಯಬೇಕು? ಪ್ರಶ್ನೆ ಮೊದಲು, ಉತ್ತರ ಆಮೇಲೆ, ಹೊಸದಾಗಿ ಬಂದವನಿಗೂ ಮಾತು ತಿಳಿಯಲಿ ಎಂದು. ಸಾಲುಗಳನ್ನು ಯಾಕೆ ಗಿಡ್ಡ ಇಡಬೇಕು? ನಾಲ್ಕು ಜನ ಎತ್ತಿ ಬರೆದರೂ ಮುರಿಯದಿರಲಿ ಎಂದು. ಎಲ್ಲಕ್ಕಿಂತ ಬೆರಗಾದದ್ದು ಬೇರೆ. ಅಲ್ಲಿ ಒಬ್ಬ ಹೊಸಬ, ಅದೇ ಉಸ್ತುವಾರಿಯವನ ಕೆಲಸದಲ್ಲಿ ತಪ್ಪು ಹಿಡಿದಿದ್ದ. ಉಸ್ತುವಾರಿಯವನು ಎಲ್ಲರ ಎದುರಿಗೆ, ಹೌದು, ತಪ್ಪು ನನ್ನದು, ನೋಡಿದ್ದಕ್ಕೆ ಥ್ಯಾಂಕ್ಸ್ ಎಂದು ಎರಡು ಸಾಲು ಬರೆದು ಮುಂದೆ ಹೋಗಿದ್ದ. ಆಕಾಶ ಕಳಚಿ ಬಿದ್ದಿರಲಿಲ್ಲ. ಖಾಸಗಿಯಾಗಿ ಹೇಳುವುದನ್ನು ಅವರು ಮರ್ಯಾದೆ ಎಂದು ತಿಳಿಯುವುದಿಲ್ಲ, ಉಳಿದವರಿಂದ ಮಾತು ಮುಚ್ಚಿಟ್ಟಂತೆ ಎಂದು ತಿಳಿಯುತ್ತಾರೆ.

ಮೊದಲ ಸರಿಯಾದ ಈಮೇಲು ಹೋಯಿತು. ಅದೂ ತಿರುಗಿ ಬಂತು. ಹೇಗೂ ಫೈಲು ತೆರೆದಿದ್ದೇನೆಂದು ಅಲ್ಲಿ ಇಲ್ಲಿ ಸೊಟ್ಟಗಿದ್ದ ಸಾಲುಗಳನ್ನೂ ನೆಟ್ಟಗೆ ಮಾಡಿ ಸೇರಿಸಿದ್ದೆ. ಒಂದು ಈಮೇಲಿಗೆ ಒಂದೇ ತಿದ್ದುಪಡಿ, ಶೃಂಗಾರ ಬೇರೆ ಚಿಕಿತ್ಸೆ ಬೇರೆ ಎಂದು ಪಟ್ಟಿಯ ಒಬ್ಬಾಕೆ ಬರೆದಳು. ಎರಡನೆಯ ಆವೃತ್ತಿ ಎಂದು ತಲೆಬರಹದಲ್ಲೇ ಹೇಳಿ, ಮೊದಲಿನದಕ್ಕಿಂತ ಏನು ಬದಲಾಗಿದೆ ಎಂದು ಕೆಳಗೆ ಬರೆದು ಮತ್ತೆ ಕಳಿಸಿದೆ. ಕಡೆಯಲ್ಲಿ ಒಂದು ರುಜು ಸಾಲು ಇರಬೇಕು. ನಿಜವಾದ ಹೆಸರಿನಲ್ಲಿ, ಇದು ನಾನು ಬರೆದದ್ದು, ಕೊಡುವ ಹಕ್ಕು ನನಗಿದೆ ಎನ್ನುವ ಅರ್ಥದ ಸಾಲು. ಮಂಜುನಾಥ ಎಂದು ಅಲ್ಲಿ ನನ್ನ ಹೆಸರು ಬರೆಯುವಾಗ ಎದೆ ಸ್ವಲ್ಪ ಉಬ್ಬಿದ್ದು ಸುಳ್ಳಲ್ಲ.

ಆಮೇಲೆ ಕಾಯುವುದು. ನಮ್ಮ ಆಫೀಸುಗಳಲ್ಲಿ ಕಾಗದ ಕೊಟ್ಟ ಮೇಲೆ ದಿನಾ ಹೋಗಿ ಮೇಜಿನ ಮುಂದೆ ನಿಲ್ಲದಿದ್ದರೆ ಅದು ಅಲ್ಲೇ ಮಲಗುತ್ತದೆ. ಅವರಲ್ಲಿ ತದ್ವಿರುದ್ಧ, ಒಂದೆರಡು ವಾರವಾದರೂ ನೆನಪಿಸಬಾರದು. ಇತ್ತ ಮಳೆ ನಿಂತು, ನದಿಯ ಕಡೆಯಿಂದ ಬೆಳಗಿನ ಮಂಜು ಶುರುವಾಗಿತ್ತು. ಕಂಪ್ಲಿಯ ಕಾಟಾಕ್ಕೆ ಬೀಗ ಹಾಗೇ ಇತ್ತು, ಟ್ರ್ಯಾಕ್ಟರುಗಳು ಊರೊಳಗಿನ ಕಾಟಾಕ್ಕೆ ಹೋಗಿ ತೂಗಿಸಿಕೊಂಡು ಬರುತ್ತಿದ್ದವು. ನಾನು ಹೋದಾಗಲೆಲ್ಲ ದುರುಗಮ್ಮ ಸಾವ್ಕಾರರ ಮಾತಿಗಿಂತ ಮೊದಲು ಆ ಪಟ್ಟಿಯ ಸುದ್ದಿ ಕೇಳುತ್ತಿದ್ದಳು. ಅವರು ಒಬ್ಬರ ಮುಖ ಒಬ್ಬರು ನೋಡಿದ್ದಾರೆಯೇ, ನೋಡದೆ ನಂಬುವುದು ಹೇಗೆ, ಹೆಂಗಸರಿದ್ದಾರೆಯೇ, ಬೈದರೆ ತಿರುಗಿ ಬೈಯಬಹುದೇ. ನನಗೆ ಗೊತ್ತಿದ್ದಷ್ಟು ಹೇಳುತ್ತಿದ್ದೆ. ಮುಖ ನೋಡುವುದಿಲ್ಲ, ಬರೆದದ್ದನ್ನು ನೋಡುತ್ತಾರೆ ಎಂದಾಗ ಅವಳು ಭತ್ತದಲ್ಲಿ ಕಾಲು ನಿಲ್ಲಿಸಿದಳು.

ಹನ್ನೊಂದನೆಯ ದಿನ ಉತ್ತರ ಬಂತು. ಎಲ್ಲಿಯದೋ ಚಳಿಯ ದೇಶದವನೊಬ್ಬನ ಬಳಿ ಅಂಥದೇ ಪ್ಲಗ್ಗು ಇತ್ತು, ಕರೆಂಟು ಕುಗ್ಗಿಸಿ ನೋಡಿದ್ದ, ಅಂಕಿ ಸಿಕ್ಕಿಹಾಕಿಕೊಳ್ಳುವುದು ಅವನಿಗೂ ಕಂಡಿತ್ತು, ನನ್ನ ಏಳು ಸಾಲು ಹಾಕಿದ ಮೇಲೆ ನಿಂತಿತ್ತು. ಉಸ್ತುವಾರಿಯವನು ಅದರ ಕೆಳಗೆ, ಸರಿಯಾಗಿ ಕಾಣುತ್ತದೆ, ಇದು ಮೊದಲು ಕಂಡದ್ದು ಯಾವಾಗ ಎಂದು ಒಂದೇ ಪ್ರಶ್ನೆ ಕೇಳಿದ್ದ. ನಾನು ಪ್ರಶ್ನೆಯನ್ನು ಅಲ್ಲೇ ಬಿಟ್ಟು, ಇಡೀ ಈಮೇಲನ್ನು ಪ್ರಿಂಟು ಹೊಡೆಸಿ ಕಂಪ್ಲಿಗೆ ಓಡಿದೆ.

ವೀರಭದ್ರಪ್ಪನವರು ಕನ್ನಡಕ ಹಾಕಿಕೊಂಡು ಸಾಲು ಸಾಲು ಬೆರಳಿಟ್ಟು ಓದಿದರು. ಅವರಿಗೆ ಇಂಗ್ಲಿಷ್ ಚೆನ್ನಾಗಿ ಬರುತ್ತಿತ್ತು. ಎರಡು ಸಲ ಓದಿ ಕಾಗದವನ್ನು ನನ್ನ ಕಡೆ ತಿರುಗಿಸಿದರು.

"ಇದರಾಗ ಮಂಜುನಾಥ ನೋಡಿದ, ಮಂಜುನಾಥ ಬರದುಕೊಂಡ, ಮಂಜುನಾಥ ತಿದ್ದಿದ ಅಂತೈತಿ. ದುರುಗಮ್ಮ ಎಲ್ಲಿ ಅದಾಳ?"

ನಾನು ಕಾಗದ ನೋಡಿದೆ. ಫ್ಯಾನು ನಿಧಾನವಾಗುವುದನ್ನು ಗಮನಿಸಿದೆ, ದಿನಾಂಕದ ಸಮೇತ ಗುರುತು ಹಾಕಿದೆ ಎಂದೆಲ್ಲ ನಾನೇ ಬರೆದಿದ್ದೆ, ಎಲ್ಲ ನಾನು ನಾನು. ಬರೆಯುವಾಗ ಮೋಸ ಮಾಡುತ್ತಿದ್ದೇನೆ ಎಂದು ಅನಿಸಿರಲೇ ಇಲ್ಲ. ಕೆಲಸ ಮಾಡುವವರು ಯಾರೇ ಆಗಲಿ ಕಾಗದ ಯಜಮಾನನ ಹೆಸರಿನಲ್ಲಿ ಹೋಗುವುದನ್ನು ಇಡೀ ಜೀವಮಾನ ನೋಡಿದ್ದೆ, ಕೈ ತಾನಾಗಿ ಹಾಗೆ ಬರೆದಿತ್ತು. ತಪ್ಪನ್ನು ಕಂಡುಹಿಡಿದವರ ಹೆಸರನ್ನು, ಅವರು ಒಪ್ಪಿದರೆ, ರುಜುವಿನ ಜೊತೆ ಬೇರೆ ಸಾಲಿನಲ್ಲಿ ಬರೆಯಬೇಕೆಂದು ಸೂಚನೆಯಲ್ಲಿತ್ತು. ಸಾಲುಗಳ ಉದ್ದ, ಉತ್ತರದ ಜಾಗ ಎಲ್ಲವನ್ನೂ ಕಲಿತವನು ಇದೊಂದನ್ನು ಅಲಂಕಾರವೆಂದು ಬಿಟ್ಟಿದ್ದೆ. ಅವಳನ್ನು ಉಳಿಸಬೇಕಾದ ಕಾಗದದಲ್ಲಿ ಅವಳೇ ಇರಲಿಲ್ಲ. ಸಾವ್ಕಾರರು ಈ ಕಾಗದ ತೋರಿಸಿದರೆ, ಅವಳು ಏನೂ ಕಾಣದೆ ಕೂತಿದ್ದಳು, ರಿಪೇರಿಯವನು ಬಂದು ಕಂಡ ಎಂದೇ ಊರು ಓದುತ್ತದೆ. ಆವತ್ತು ಆದಷ್ಟು ನಾಚಿಕೆ ನನಗೆ ಹಿಂದೆಂದೂ ಆಗಿರಲಿಲ್ಲ.

ಕಣಕ್ಕೆ ಹೋಗಿ ಅವಳಿಗೆ ಇದ್ದದ್ದು ಇದ್ದ ಹಾಗೆ ಹೇಳಿದೆ. ಅವಳು ನನ್ನ ಮುಖ ನೋಡದೆ, ನೀವೂ ಹಂಗಾ ಮಾಡಿದ್ರಿ ಎಂದಳು. ಅವಳ ಅವ್ವ ದೂರದಲ್ಲಿ ನಿಂತು ನಮ್ಮಿಬ್ಬರನ್ನೂ ನೋಡುತ್ತಿದ್ದಳು. ಈ ಪ್ಲಗ್ಗಿನ ತಂಟೆ ಮೊದಲು ಕಂಡದ್ದು ಯಾವಾಗ ಎಂದು ಪಟ್ಟಿಯವರು ಕೇಳಿದ್ದಾರೆ ಎಂದೆ. ದುರುಗಮ್ಮ ನಾನು ವಾಪಸು ಕೊಟ್ಟಿದ್ದ ನೋಟ್‌ಬುಕ್ಕಿನ ಮೊದಲ ಪುಟ ತೋರಿಸಿದಳು. ಸಿದ್ದಪ್ಪನ ಗಲಾಟೆಗೆ ಎರಡು ತಿಂಗಳು ಮೊದಲಿನ ತಾರೀಖು ಅಲ್ಲಿತ್ತು.

"ಅವತ್ತಾ ಸಾವ್ಕಾರ್ರಿಗೆ ಹೇಳಿದ್ದೆ" ಎಂದಳು. "ಮಂದಿ ಮುಂದ ಹೇಳಿದ್ರ ಅವರಿಗೆ ಬ್ಯಾಸರ ಆಗ್ತೈತಿ ಅಂತ ಆಫೀಸಿನ ಒಳಗ ಹೋಗಿ ಹೇಳಿದ್ದೆ. ಆತು ನೋಡೂಣು ಅಂದ್ರು. ಯಾರೂ ಕೇಳಿಲ್ಲ. ಈಗ ನಾ ಹೇಳಿದ್ದೆ ಅಂದ್ರ ಯಾರ್ ನಂಬ್ತಾರ?"

ನನ್ನ ಮೊದಲ ಪತ್ರದ ಮರ್ಯಾದೆಯೇ ಅವಳದೂ ಆಗಿತ್ತು. ಪಕ್ಕಕ್ಕೆ ಕರೆದು ಹೇಳಿದವಳಿಗೆ ಎಲ್ಲರೆದುರು ಬೈಗುಳ ಸಿಕ್ಕಿತ್ತು. ನಾನು ಅವಳ ಒಪ್ಪಿಗೆ ಕೇಳಿದೆ. ಅಲ್ಲಿ ಒಮ್ಮೆ ಹೆಸರು ಬಂದರೆ ಲೋಕಕ್ಕೆಲ್ಲ ಕಾಣುತ್ತದೆ, ಆಮೇಲೆ ಅಳಿಸಲು ಬರುವುದಿಲ್ಲ, ಯೋಚಿಸಿ ಹೇಳು ಎಂದೆ. ಅವ್ವನನ್ನು ಕೇಳಿ ಹೇಳುತ್ತೇನೆ ಎಂದು ಒಂದು ದಿನ ತೆಗೆದುಕೊಂಡಳು. ಮರುದಿನ ಅವಳೇ ಫೋನು ಮಾಡಿದಳು.

"ಅಳಸಾಕ ಬರಂಗಿಲ್ಲಂದ್ರ ಚೊಲೋನಾ ಆತಲ್ರಿ. ನೋಡಿದಾಕಿ ನಾನು, ಬರದಾಂವ ನೀವು. ಎರಡೂ ಹಾಕ್ರಿ."

ಹೆಸರು ಹೇಗೆ ಬರೆಯಲಿ ಎಂದರೆ, ದುರುಗಮ್ಮ, ಎಮ್ಮಿಗನೂರು, ಅಷ್ಟು ಸಾಕು ಎಂದಳು. ಅವತ್ತು ಮಧ್ಯಾಹ್ನ ಅಂಗಡಿಯ ಬಾಗಿಲು ಅರ್ಧ ಎಳೆದುಕೊಂಡು ಪಟ್ಟಿಗೆ ಬರೆದೆ. ಉಸ್ತುವಾರಿಯವನ ಪ್ರಶ್ನೆಯನ್ನು ಎತ್ತಿಟ್ಟು ಅದರ ಕೆಳಗೆ ತಾರೀಖು ಕೊಟ್ಟೆ. ಅದರ ಕೆಳಗೆ, ಹಿಂದಿನ ಈಮೇಲುಗಳಲ್ಲಿ ನಾನು ಗಮನಿಸಿದೆ ಎಂದು ಬರೆದದ್ದು ತಪ್ಪು, ಗಮನಿಸಿದ್ದೂ ಬರೆದಿಟ್ಟದ್ದೂ ಕಾಟಾ ನಡೆಸುವ ದುರುಗಮ್ಮ, ನಾನು ಸೇರಿಸಿದ್ದು ಏಳು ಸಾಲು ಮಾತ್ರ ಎಂದು ಬರೆದೆ. ಮೂರನೆಯ ಆವೃತ್ತಿಯಲ್ಲಿ ನನ್ನ ರುಜುವಿನ ಮೇಲಿನ ಸಾಲಿನಲ್ಲಿ ಅವಳ ಹೆಸರು ಹಾಕಿದೆ. ಸಾವಿರಾರು ಜನ ಓದುವ ಕಡೆ ಇದನ್ನು ಕಳಿಸುವ ಮೊದಲು ಸಂಜೆ ಮನೆಯಲ್ಲಿ ಶಶಿಕಲಾಗೆ ಓದಿ ಹೇಳಿದೆ. ಅವಳು ಈ ಸಲ ಒಂದಕ್ಷರವನ್ನೂ ತಿದ್ದಲಿಲ್ಲ.

ಯಾರೂ ನನ್ನನ್ನು ಹಂಗಿಸಲಿಲ್ಲ. ನಾಲ್ಕು ದಿನಕ್ಕೆ ಉಸ್ತುವಾರಿಯವನ ಈಮೇಲು ಬಂತು. ತೆಗೆದುಕೊಂಡಿದ್ದೇನೆ, ಇದು ನಮ್ಮ ಕಡೆಯ ಹಳೆಯ ತಪ್ಪು, ಇಬ್ಬರಿಗೂ ಥ್ಯಾಂಕ್ಸ್, ಆ ಥರ ನೋಟ್‌ಬುಕ್ ಇಡುವವರು ನಮಗೆ ಅಪರೂಪ ಎಂದಿತ್ತು. ಅವನ ಮಟ್ಟಿಗೆ ಅದು ಮಹಾಕಾವ್ಯ.

ಸುಗ್ಗಿಯ ಕೊನೆಯ ವಾರ. ಬೆಳಿಗ್ಗೆ ಹತ್ತರ ಹೊತ್ತಿಗೆ ಕಾಗದ ಒಯ್ದು ಕೊಟ್ಟೆ. ಗೇಟಿನ ಬಳಿ ಏಳೆಂಟು ಟ್ರ್ಯಾಕ್ಟರು ನಿಂತಿದ್ದವು, ಕಡೆಯ ಭತ್ತ ತಂದಿದ್ದ ಸಿದ್ದಪ್ಪನೂ ಅಲ್ಲಿದ್ದ. ವೀರಭದ್ರಪ್ಪನವರು ಓದಿದರು. ತಾರೀಖಿನ ಸಾಲಿನ ಮೇಲೆ ಅವರ ಬೆರಳು ಬಹಳ ಹೊತ್ತು ನಿಂತಿತು. ಗಲಾಟೆಗೆ ಎರಡು ತಿಂಗಳು ಮೊದಲು ಆಫೀಸಿನಲ್ಲಿ ಕೇಳಿದ್ದು ಅವರಿಗೆ ನೆನಪಾದದ್ದು ಮುಖದಲ್ಲೇ ಗೊತ್ತಾಯಿತು. ಆಳನ್ನು ಕರೆದು, ದುರುಗಮ್ಮನನ್ನು ಒಳಗೆ ಬರಹೇಳು ಎಂದರು.

ಆಳು ವಾಪಸು ಬಂದು, ಬರೋದಿಲ್ಲಂತ್ರಿ ಎಂದ. ನಾನು ಎದ್ದು ಹೊರಗೆ ಹೋದೆ. ದುರುಗಮ್ಮ ಕಣದಿಂದ ಬಂದು ಕಾಟಾದ ಪಕ್ಕ, ಟ್ರ್ಯಾಕ್ಟರುಗಳ ಸಾಲಿನ ಎದುರು ನಿಂತಿದ್ದಳು. ಕಾಲು ಮೊಣಕಾಲಿನವರೆಗೆ ಭತ್ತದ ಧೂಳು. ಧ್ವನಿ ಏರಿಸಲಿಲ್ಲ, ಆದರೆ ಸಾಲಿನವರಿಗೆಲ್ಲ ಕೇಳಿಸಿತು.

"ಒಳಗ ಬ್ಯಾಡ್ರಿ ಮಂಜಣ್ಣ. ಕಳ್ಳಿ ಅಂದಿದ್ದು ಇಲ್ಲಿ, ಎಲ್ಲಾರ ಮುಂದ. ಅಲ್ಲಂತ ಹೇಳೋದೂ ಇಲ್ಲೇ ಆಗ್ಲಿ."

ಅರವತ್ತು ದಾಟಿದ ಮನುಷ್ಯ, ಮೂರು ತಲೆಮಾರಿನ ಮಿಲ್ಲು, ಕೆಲಸದವಳು ಕರೆದರೆ ಹೊರಗೆ ಬರುತ್ತಾರೆಯೇ? ಬರುವುದಿಲ್ಲ, ಎಲ್ಲ ಮುಗಿಯಿತು ಎಂದೇ ನಾನು ಅಂದುಕೊಂಡೆ. ಅವಳ ಅವ್ವ ಹಿಂದಿನಿಂದ ಸೀರೆ ಎಳೆಯುತ್ತಿದ್ದಳು, ಸಾಕು ಬಾ ಎಂದು. ಅವಳು ಕದಲಲಿಲ್ಲ. ಬಹಳ ಹೊತ್ತಾದ ಮೇಲೆ ಆಫೀಸಿನ ಬಾಗಿಲಲ್ಲಿ ವೀರಭದ್ರಪ್ಪನವರು ಕಾಣಿಸಿಕೊಂಡರು. ಒಂದು ಕೈಯಲ್ಲಿ ಕಾಗದ, ಇನ್ನೊಂದರಲ್ಲಿ ಕೀಲಿ. ಕಾಟಾದವರೆಗೆ ನಡೆದು ಬಂದು, ಯಾರ ಮುಖವನ್ನೂ ನೋಡದೆ, ಎದುರಿಗಿದ್ದ ಟ್ರ್ಯಾಕ್ಟರಿನ ಗಾಲಿಗೆ ಹೇಳುವವರಂತೆ ಹೇಳಿದರು.

"ತಪ್ಪು ಕಾಟಾದ್ದು. ಬರದವರಾ ಒಪ್ಪ್ಯಾರ, ಇಲ್ಲೈತಿ ಕಾಗದ. ಈಕಿ ಎರಡು ತಿಂಗಳ ಮದ್ಲಾ ನನಗ ಹೇಳಿದ್ಲು. ನಾ ಕಿವಿಗೆ ಹಾಕ್ಕೊಳ್ಳಿಲ್ಲ. ಅದು ನಂದು ತಪ್ಪು."

ಸಾಲಿನಲ್ಲಿದ್ದ ಒಬ್ಬ ತನ್ನ ಟ್ರ್ಯಾಕ್ಟರಿನ ಇಂಜಿನ್ ಆರಿಸಿದ. ಸಾವ್ಕಾರರು ಕೀಲಿ ನೀಡಿದರು, ಅವಳು ಎರಡೂ ಕೈಯಿಂದ ತೆಗೆದುಕೊಂಡಳು, ಕೋಣೆಯ ಬೀಗ ತೆಗೆದು ಒಳಗೆ ಹೋಗಿ ಕಿಟಕಿ ತೆರೆದಳು. ಮುಂದಿನ ಗಾಡಿ ಬರ್ಲಿ ಎಂದಳು. ಸಾಲಿನಲ್ಲಿ ಮೊದಲಿದ್ದವನು ಸಿದ್ದಪ್ಪ. ಅವನು ತಲೆ ತಗ್ಗಿಸಿಕೊಂಡು ಟ್ರ್ಯಾಕ್ಟರನ್ನು ಕಾಟಾದ ಮೇಲೆ ಹತ್ತಿಸಿದ. ಅವಳು ಚೀಟಿ ಬರೆಯುವ ಮೊದಲು ಕಿಟಕಿಯಿಂದ ಮುಖ ಹೊರಗಿಟ್ಟು, ಕಟ್ಟಕಡೆಯ ಗಾಡಿಯವನಿಗೂ ಕೇಳುವಂತೆ ಆ ತೂಕವನ್ನು ಗಟ್ಟಿಯಾಗಿ ಓದಿ ಹೇಳಿದಳು.